ಆಲ್ಬಮ್ಮಿನ ಆ ಒಂದು ನಿಮಿಷ

ಕೊಟ್ಟೂರಿನಲ್ಲಿ ನನ್ನದೊಂದು ಮೈಕ್ ಸೆಟ್ ಅಂಗಡಿ. ನನ್ನ ಜೊತೆ ಹೈಸ್ಕೂಲು ಓದಿದ ಗೆಳೆಯ ಹಾಸ್ಯ ಕಾರ್ಯಕ್ರಮ ಕೊಡುತ್ತಾನೆ. ಹೆಂಡತಿ, ಅತ್ತೆಯರ ಮಾಮೂಲಿ ಜೋಕು ಅವನದಲ್ಲ. ಜಾತಿ, ಎಲೆಕ್ಷನ್ನು, ದೊಡ್ಡವರ ಸಣ್ಣತನ ಯಾವುದನ್ನೂ ಬಿಡುವುದಿಲ್ಲ. ಕೂಡ್ಲಿಗಿಯಲ್ಲಿ ಸಂಘಟಕರೇ ಮೈಕ್ ಕಿತ್ತುಕೊಂಡಿದ್ದರು. ಹರಪನಹಳ್ಳಿಯಲ್ಲಿ ಹಿಂಬಾಗಿಲಿನಿಂದ ನನ್ನ ಗಾಡಿಯಲ್ಲೇ ಅವನನ್ನು ಸಾಗಿಸಿದ್ದೆ.

ಆಮೇಲೆ ಅವನಿಗೆ ಲೈವ್ ಆಲ್ಬಂ ಮಾಡುವ ಹಠ ಬಂತು. ಹಗರಿಬೊಮ್ಮನಹಳ್ಳಿಯಲ್ಲಿ ಕಲ್ಯಾಣ ಮಂಟಪ ಗೊತ್ತುಮಾಡಿ, ತನ್ನನ್ನು ಬೈದವರನ್ನೆಲ್ಲ ಹುಡುಕಿ ಕರೆದ.

"ಸಿಟ್ಟಿಗೇಳೋರನ್ನ ಮುಂದ ಕುಂದರ್ಸಲೇ. ಅವರು ಬುಸುಗುಟ್ಟೋದು ಸೈತ ರೆಕಾರ್ಡ್ ಆಗ್ಬೇಕು" ಎಂದ.

ಭಾನುವಾರ ಬೆಳಿಗ್ಗೆ ರೆಕಾರ್ಡಿಂಗ್ ಸಾಮಾನು ಹೇರಿಕೊಂಡು ಹೊರಡುವಾಗ ಅಪ್ಪನೂ ಗಾಡಿ ಹತ್ತಿದ. "ನಾನೂ ಕೇಳ್ತೀನಿ, ನಡಿ" ಎಂದ. ಅಪ್ಪ ಬಹಳ ವರ್ಷ ಬಸ್ ಸ್ಟ್ಯಾಂಡಿನ ಹತ್ತಿರ ಚಹಾದ ಹೋಟೆಲು ನಡೆಸಿ, ವಯಸ್ಸಾದ ಮೇಲೆ ಮುಚ್ಚಿದವನು.

ಗೆಳೆಯ ಅರ್ಧ ಗಂಟೆ ಎಲ್ಲರನ್ನೂ ಕೆಣಕಿದ. ಇಬ್ಬರು ಎದ್ದು ಹೋದರು. ಮೂರನೇ ಸಾಲಿನಲ್ಲಿದ್ದ ಅಪ್ಪ ನಗುತ್ತಲೇ ಇದ್ದ. ಆಗ ಗೆಳೆಯ ಶುರುಮಾಡಿದ: "ನಮ್ಮೂರ ಬಸ್ ಸ್ಟ್ಯಾಂಡಿನ ಬಾಜೂಕ ಒಂದು ಹೋಟ್ಲು ಇತ್ರಿ. ಹೊರಗ ಗೋಡಿ ಗೂಡಿನ್ಯಾಗ ನಮ್ಮ ಕೇರಿ ಮಂದಿಗಂತನ ಬ್ಯಾರೆ ಲೋಟ! ನಮಗ ಮೊದಲು ರಿಸರ್ವೇಶನ್ ಕೊಟ್ಟಾವ್ರು ಸರ್ಕಾರದವ್ರಲ್ರಿ, ಆ ಹೋಟೆಲ್ ಸಾವ್ಕಾರ್ರು!"

ಹಿಂದಿನ ಸಾಲುಗಳು ಬಿದ್ದು ಬಿದ್ದು ನಕ್ಕವು. ಆ ಸಾವ್ಕಾರ ನನ್ನ ಅಪ್ಪ. ನಾನು ತಲೆ ತಗ್ಗಿಸಿ ಮಿಕ್ಸರಿನ ಗುಂಡಿಗಳನ್ನು ನೋಡುತ್ತ ಕುಳಿತೆ. ಅಪ್ಪನ ಕಡೆ ತಿರುಗಲು ಧೈರ್ಯವಾಗಲಿಲ್ಲ.

ಮುಗಿದ ಮೇಲೆ ಗೆಳೆಯ ಹತ್ತಿರ ಬಂದ. "ನಿಮ್ಮಪ್ಪನ್ನ ನೋಡಿದೆ. ಬಿಟ್ಬಿಡಬೇಕಂತ ಮಾಡಿದ್ದೆ, ಬಾಯಿ ಕೇಳ್ಲಿಲ್ಲ. ಬ್ಯಾಡಂದ್ರ ತೆಗದ್ಬಿಡು."

ತೆಗೆಯುವುದೆಂದೇ ನಿಶ್ಚಯಿಸಿದ್ದೆ. ಎರಡು ದಿನದ ಮೇಲೆ ಅಪ್ಪ ಅಂಗಡಿಗೆ ಬಂದು, ಆ ತುಣುಕನ್ನು ಹಾಕು ಎಂದ. ಹೆಡ್‌ಫೋನ್ ಹಾಕಿಕೊಂಡು ಎರಡು ಸಲ ಕೇಳಿದ.

"ತೆಗೀಬ್ಯಾಡ" ಎಂದ. ಹೆಡ್‌ಫೋನ್ ತೆಗೆದಿಟ್ಟು ಹೇಳಿದ: "ಆದ್ರ ಅವ ಒಂದು ತಪ್ಪು ಹೇಳ್ಯಾನ. ಲೋಟ ಎಲ್ಲಿತ್ತು? ತೆಂಗಿನ ಚಿಪ್ಪು ಇಟ್ಟಿದ್ದೆ ನಾನು."

ಅಪ್ಪ ಮನೆಗೆ ಹೋದ. ನಾನು ಗೆಳೆಯನಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದಂತೆ ಹೇಳಿದೆ.

"ನಮ್ಮಪ್ಪ ನನಗ ಲೋಟ ಅಂತನ ಹೇಳಿದ್ನಲ್ಲೋ" ಎಂದ.

"ಬೇಕಾದ್ರ ಇನ್ನೊಮ್ಮೆ ರೆಕಾರ್ಡ್ ಮಾಡೋಣು."

"ಬ್ಯಾಡ. ನಮ್ಮಪ್ಪ ಹೇಳಿದ್ದು ಹಂಗೇ ಇರ್ಲಿ."

ಆಲ್ಬಂ ಹಾಗೆಯೇ ಹೊರಗೆ ಬಂತು. ಗೆಳೆಯನಿಗೆ ಫೋನಿನಲ್ಲಿ ಬೈಗುಳಗಳು ಬಂದವು, ಹಡಗಲಿಯ ಕಡೆಯಿಂದ ಹೊಸ ಕಾರ್ಯಕ್ರಮಗಳೂ ಬಂದವು. ಆ ತುಣುಕನ್ನು ತೆಗೆಸಲಿಲ್ಲವೆಂಬ ಸಿಟ್ಟಿಗೆ ಅಪ್ಪನ ಹಳೆಯ ಗೆಳೆಯರಲ್ಲಿ ಒಬ್ಬರು ಮನೆಗೆ ಬರುವುದನ್ನು ನಿಲ್ಲಿಸಿದರು. ಅಪ್ಪ ಅವರನ್ನು ಕರೆಯಲು ಹೋಗಲಿಲ್ಲ.