ಕೈಗೆ ಕೊಡದ ಉಪ್ಪು

ನಮ್ಮ ಮನೆಯಲ್ಲಿ ಉಪ್ಪನ್ನು ಯಾರೂ ಯಾರ ಕೈಗೂ ಕೊಡುವುದಿಲ್ಲ. ನಿಮ್ಮ ಮನೆಯಲ್ಲೂ ಹಾಗೇ ಇರಬಹುದು. ಅಂಗಡಿಯಿಂದ ತಂದ ಉಪ್ಪಿನ ಪೊಟ್ಟಣವನ್ನು ನಾನು ಒಲೆ ಪಕ್ಕದ ಕಲ್ಲಿನ ಮೇಲೆ ಇಡಬೇಕು, ಕೈ ಹಿಂದಕ್ಕೆ ತೆಗೆದುಕೊಳ್ಳಬೇಕು, ಆಮೇಲೆ ಅಮ್ಮ ಅದನ್ನು ಎತ್ತಿಕೊಳ್ಳಬೇಕು. ಮರೆತು ನೇರವಾಗಿ ಅವಳತ್ತ ಚಾಚಿದೆನೋ, "ಲೇ ಸವಿತಾ, ಕೆಳಗಿಕ್ಕೇ! ಮೊದ್ಲೇ ನಂಗೂ ನಿಂಗೂ ಆಗಕ್ಕಿಲ್ಲ, ಇನ್ನು ಉಪ್ಪು ಬೇರೆ ಕೈಗೆ ಕೊಡಾಕ್ ಬತ್ತಾಳೆ" ಎಂದು ಗದರುತ್ತಾಳೆ. ಉಪ್ಪು ಕೈಯಿಂದ ಕೈಗೆ ದಾಟಿದರೆ ಆ ಎರಡು ಕೈಗಳ ನಡುವೆ ಜಗಳ ಹುಟ್ಟುತ್ತದೆ ಎನ್ನುವುದು ನಮ್ಮ ಕುದೂರಿನ ಕಡೆಯ ನಂಬಿಕೆ. ಬೆಲ್ಲ ಕೊಡಬಹುದು, ಬೇಳೆ ಕೊಡಬಹುದು, ಬೆಂಕಿಪೊಟ್ಟಣವನ್ನೂ ಧಾರಾಳವಾಗಿ ಕೊಡಬಹುದು. ಬೆಂಕಿಯಿಂದ ಹತ್ತದ ಜಗಳ ಪಾಪದ ಉಪ್ಪಿನಿಂದ ಹತ್ತಿಕೊಳ್ಳುತ್ತದಂತೆ. ಚಿಕ್ಕವಳಿದ್ದಾಗ ನಾನು ಇದನ್ನು ಕೇಳಿ ಬಿದ್ದು ಬಿದ್ದು ನಗುತ್ತಿದ್ದೆ. ಈಗ ನಗುವುದಿಲ್ಲ.

ಯಾಕೆ ನಗುವುದಿಲ್ಲ ಎಂದು ಹೇಳಬೇಕಾದರೆ ಕೊರೊನಾದ ಮೊದಲ ಲಾಕ್‌ಡೌನಿಗೇ ಹೋಗಬೇಕು. ನೆನಪಿದೆಯಲ್ಲ, ಆಗ ಲೋಕದ ಸಮಸ್ತ ಪದಾರ್ಥಗಳೂ ಉಪ್ಪಾಗಿಬಿಟ್ಟಿದ್ದವು. ಹಾಲಿನವನು ಪ್ಯಾಕೆಟ್ಟನ್ನು ಗೇಟಿನ ಮೇಲಿಟ್ಟು ಓಡುತ್ತಿದ್ದ. ಸೊಪ್ಪಿನವಳು ಕಟ್ಟನ್ನು ಜಗಲಿಗೆ ಎಸೆದು ದೂರ ನಿಂತು ಕೂಗುತ್ತಿದ್ದಳು. ಇಡುವುದು, ಹಿಂದೆ ಸರಿಯುವುದು, ಎತ್ತಿಕೊಳ್ಳುವುದು. ಇಡೀ ಊರು ತನಗೆ ಗೊತ್ತಿಲ್ಲದೇ ಉಪ್ಪಿನ ಶಾಸ್ತ್ರವನ್ನೇ ಪಾಲಿಸುತ್ತಿತ್ತು. ಲೆಕ್ಕದ ಪ್ರಕಾರ ನಮ್ಮೂರಿನಲ್ಲಿ ಜಗಳವೇ ಇರಬಾರದಿತ್ತು ನೋಡಿ.

ನಮ್ಮ ಬೀದಿಗೆ ದಿನಸಿ ಎಂದರೆ ಸಿದ್ದಕ್ಕನ ಅಂಗಡಿ. ಮನೆಯ ಮುಂದಿನ ಕೋಣೆಯನ್ನೇ ಅಂಗಡಿ ಮಾಡಿಕೊಂಡು, ಗಂಡ ತೀರಿಹೋದ ಮೇಲೆ ಒಬ್ಬಳೇ ನಡೆಸುತ್ತಿದ್ದಳು. ಸಾವನದುರ್ಗದ ತಪ್ಪಲಿನ ಹಳ್ಳಿಯ ಹೆಣ್ಣು. ತಕ್ಕಡಿಯ ಪಕ್ಕದಲ್ಲಿ ತವರಿನ ಆ ಬೆಟ್ಟದ ಹಾಗೇ ಬೋಳುಬೋಳಾಗಿ, ಗುಂಡಗೆ, ಕಂದು ಬಣ್ಣದ ದೊಡ್ಡದೊಂದು ಬೆಲ್ಲದ ಉಂಡೆ ಕೂತಿರುತ್ತಿತ್ತು. ಸಾಮಾನು ಕಟ್ಟಿ ಮುಗಿದ ಮೇಲೆ ಸಿದ್ದಕ್ಕ ಗುಂಡುಕಲ್ಲಿನಿಂದ ಆ ಬೆಟ್ಟದ ಒಂದು ಚೂರು ಒಡೆದು, "ಕೊಸರು ತಕಳ್ಳೇ ಅಮ್ಮಿ" ಎಂದು ಅಂಗೈಗೆ ಇಡುತ್ತಿದ್ದಳು. ಬರೀ ಇಡುತ್ತಿರಲಿಲ್ಲ, ಇಟ್ಟು ನನ್ನ ಬೆರಳುಗಳನ್ನು ತಾನೇ ಮಡಚುತ್ತಿದ್ದಳು. ನಾನು ಡಿಗ್ರಿಗೆ ಸೇರಿದ ಮೇಲೂ ಆ ಕೊಸರು ತಪ್ಪಿರಲಿಲ್ಲ. ಉಪ್ಪು ಕೇಳಿದರೆ ಮಾತ್ರ ಕಟ್ಟೆಯ ಮೇಲಿಟ್ಟು ಮುಖ ಆ ಕಡೆ ತಿರುಗಿಸಿಕೊಳ್ಳುತ್ತಿದ್ದಳು. ಯಾವುದನ್ನು ಕೈಗಿಡಬೇಕು, ಯಾವುದನ್ನು ಕೆಳಗಿಡಬೇಕು ಎನ್ನುವುದು ಆಕೆಗೆ ತಕ್ಕಡಿಗಿಂತ ಚೆನ್ನಾಗಿ ಗೊತ್ತಿತ್ತು.

ನನಗೆ ಗೊತ್ತಿರಲಿಲ್ಲ. ಆದರೆ ಉತ್ಸಾಹವಿತ್ತು. ಕಾಲೇಜು ಮುಚ್ಚಿತ್ತು, ಕೈಯಲ್ಲಿ ಮೊಬೈಲಿತ್ತು, ಮೊಬೈಲಿನಲ್ಲಿ ವೈರಸ್ಸಿನ ಬಗ್ಗೆ ಬೆಳಗಿನಿಂದ ಸಂಜೆಯವರೆಗೆ ವಿಡಿಯೋಗಳಿದ್ದವು. ಒಂದೇ ವಾರಕ್ಕೆ ನಾನು ಬೀದಿಯ ಆರೋಗ್ಯಮಂತ್ರಿಯಾಗಿಬಿಟ್ಟೆ. ತರಕಾರಿಯನ್ನು ಸೋಪಿನ ನೀರಿನಲ್ಲಿ ತೊಳೆದೆ. "ಟಮಟೆಹಣ್ಣಿಗೆಲ್ಲಾ ಎಣ್ಣೆನೀರು ಹಾಕ್ತಾ ಕುಂತವ್ಳಲ್ಲಪ್ಪ, ಬಾಣಂತನಾನೂ ಮಾಡ್ಬುಡು" ಎಂದು ಅಮ್ಮ ಹಣೆ ಚಚ್ಚಿಕೊಂಡಳು. ಕೊತ್ತಂಬರಿ ಸೊಪ್ಪಿನ ಚಟ್ನಿಯಲ್ಲಿ ನೊರೆ ಬಂದ ದಿನ ನನ್ನನ್ನು ಅಡುಗೆಮನೆಯಿಂದ ಗಡೀಪಾರು ಮಾಡಿದಳು. ಅಡುಗೆಮನೆ ಕಳೆದುಕೊಂಡ ನಾನು ಸಿದ್ದಕ್ಕನ ಅಂಗಡಿಯನ್ನು ಹಿಡಿದುಕೊಂಡೆ.

ಬೇರೆ ಊರುಗಳಲ್ಲಿ ಸುಣ್ಣದಿಂದ ಗುರುತು ಹಾಕಿದರೆ ನಾನು ನಮ್ಮ ಗೇಟಿಗೆ ಬಳಿದು ಮಿಕ್ಕಿದ್ದ ಹಳದಿ ಪೇಂಟು ತಂದು ಅಂಗಡಿಯ ಮುಂದೆ ಕಾಂಕ್ರೀಟಿನ ಮೇಲೆ ಚೌಕಗಳನ್ನು ಬರೆದೆ. ಮಳೆಗೆ ಅಳಿಸಬಾರದಲ್ಲ! ಬಾಗಿಲಿಗೆ ಅಡ್ಡ ಹಗ್ಗ ಕಟ್ಟಿದೆ. ಬೋರ್‌ವೆಲ್ ಪೈಪಿನ ತುಂಡೊಂದನ್ನು ಓರೆಯಾಗಿ ನಿಲ್ಲಿಸಿ, ಸಿದ್ದಕ್ಕ ಒಳಗಿನಿಂದ ಅಕ್ಕಿ ಸುರಿದರೆ ಹೊರಗೆ ಚೀಲಕ್ಕೆ ಬಂದು ಬೀಳುವ ಹಾಗೆ ಮಾಡಿದೆ. ಬೀದಿಯವರದೆಲ್ಲ ಒಂದು ವಾಟ್ಸಾಪ್ ಗ್ರೂಪ್ ಮಾಡಿ, ಯಾರು ಎಷ್ಟು ಹೊತ್ತಿಗೆ ಬರಬೇಕೆಂದು ಹಾಕತೊಡಗಿದೆ. ಅಡ್ಮಿನ್ ನಾನೇ, ಬೇರೆ ಯಾರು?

ನಮ್ಮ ಜನ ಚೌಕಗಳಿಗೆ ಮಾಡಿದ ಮರ್ಯಾದೆಯನ್ನು ನೀವು ನೋಡಬೇಕಿತ್ತು. ಒಂದೊಂದು ಚೌಕದಲ್ಲಿ ಒಂದೊಂದು ಜೊತೆ ಚಪ್ಪಲಿ ಬಿಟ್ಟು, ಒಡೆಯರೆಲ್ಲ ಎದುರಿನ ಹೊಂಗೆಮರದ ಕೆಳಗೆ ಭುಜಕ್ಕೆ ಭುಜ ತಾಗಿಸಿ ಕೂತು ಒಂದೇ ಬೀಡಿಯನ್ನು ಸುತ್ತು ಹಾಕಿಸುತ್ತಿದ್ದರು. ಅಂತರ ಕಾಪಾಡಿದ್ದು ಚಪ್ಪಲಿಗಳು ಮಾತ್ರ. ನಾನು ಬೈಯಲು ಹೋದರೆ ಟೆಂಪೊ ಓಡಿಸುವ ಬೋರಣ್ಣ, "ನಾನೇನು ಚೌಕಾಬಾರದ ಕಾಯೇನವ್ವ, ನೀನು ಮನೆ ಬರೆದು ಕೂರ್ಸೋಕೆ? ಚಪ್ಪಲಿ ನಿಂತೈತಲ್ಲ, ಅದುನ್ನೇ ಮಾತಾಡಿಸ್ಕ" ಎನ್ನುತ್ತಿದ್ದ. ಸಿದ್ದಕ್ಕ ಹಗ್ಗದ ಆ ಕಡೆ ನಿಂತು ನಗುತ್ತಿದ್ದಳು. ಆದರೆ ನಾನು ಹೇಳಿದ್ದಕ್ಕೆ ಒಂದಕ್ಕೂ ಬೇಡವೆನ್ನಲಿಲ್ಲ. ಕೊಸರು ಬೇಡ ಎಂದು ನಾನು ಹೇಳಿದ ದಿನ ಮಾತ್ರ ಕೈಯಲ್ಲಿದ್ದ ಬೆಲ್ಲದ ಚೂರನ್ನು ನೋಡಿಕೊಂಡು, "ಹೂಂ ಕಣವ್ವ, ಓದಿರೋಳು, ನಿಂಗೇ ಗೊತ್ತಿರ್ತದೆ" ಎಂದು ಅದನ್ನು ಡಬ್ಬಕ್ಕೆ ಹಾಕಿದಳು.

ಆ ಬೆಳಿಗ್ಗೆಗೆ ಬರುತ್ತೇನೆ. ಇಷ್ಟು ಹೊತ್ತು ಸುತ್ತಾಡಿದ್ದು ಅಲ್ಲಿಗೆ ಬೇಗ ಹೋಗಬಾರದೆಂದೇ ಇರಬೇಕು.

ನಾನು ಮೊದಲನೇ ಚೌಕದಲ್ಲಿದ್ದೆ. ಸಿದ್ದಕ್ಕ ಒಣಮೆಣಸಿನಕಾಯಿಯ ಹೊಸ ಮೂಟೆ ಬಿಚ್ಚಿ ಡಬ್ಬಕ್ಕೆ ಸುರಿಯುತ್ತಿದ್ದಳು. ಸುರಿಯುತ್ತಾ ಕೆಮ್ಮಿದಳು. ಒಂದು ಸಲವಲ್ಲ, ಕಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ಕೆಮ್ಮಿದಳು. ನನ್ನ ಮೂಗಿನೊಳಗೂ ಏನೋ ಕಡಿದ ಹಾಗಾಗಿ, ಆ ಕಡೆ ತಿರುಗಿ ಎರಡು ಸಲ ಸೀನಿದೆ. ನನ್ನ ಸೀನಿಗೆ ಕಾರಣ ಮಾಸ್ಕಿನ ಹತ್ತಿಬಟ್ಟೆ ಎಂದು ಆ ಕ್ಷಣವೇ ತೀರ್ಮಾನಿಸಿದೆ. ಆಕೆಯ ಕೆಮ್ಮಿಗೆ ಕಾರಣ ಹುಡುಕುವ ತೊಂದರೆಯನ್ನೇ ತೆಗೆದುಕೊಳ್ಳಲಿಲ್ಲ. ಕಾರಣ ನನ್ನ ಮೊಬೈಲಿನಲ್ಲಿ ಆಗಲೇ ಸಿದ್ಧವಾಗಿತ್ತು. ಸಾಮಾನು ತೆಗೆದುಕೊಳ್ಳದೆ ಮನೆಗೆ ಬಂದು ಗ್ರೂಪಿನಲ್ಲಿ ಬರೆದೆ: "ಅಂಗಡಿ ಸಿದ್ದಕ್ಕನವರಿಗೆ ಜೋರಾಗಿ ಕೆಮ್ಮು ಇದೆ. ಯಾರೂ ಗಾಬರಿಯಾಗಬೇಡಿ. ಜಾಗ್ರತೆ ಇರಲಿ." ಕೊನೆಗೆ ಕೈಮುಗಿಯುವ ಚಿತ್ರ ಮೂರು.

ಗಾಬರಿಯಾಗಬೇಡಿ ಎನ್ನುವುದಕ್ಕಿಂತ ಗಾಬರಿ ಹುಟ್ಟಿಸುವ ಮಾತು ಇನ್ನೊಂದಿದೆಯೇ ಹೇಳಿ. ಊಟಕ್ಕೆ ಕೂರುವ ಹೊತ್ತಿಗೆ ಅದು ಪಕ್ಕದ ಬೀದಿಗೆ ಹೋಗಿ, "ಸಿದ್ದಕ್ಕನಿಗೆ ಬಂದಿದೆಯಂತೆ" ಎಂದಾಗಿ ನಮ್ಮ ಮನೆಗೇ ವಾಪಸು ಬಂತು. ಮಾರನೆಯ ದಿನ ಯಾರೋ ಬಂದು ಆಕೆಯ ಗಂಟಲಿಗೆ ಕಡ್ಡಿ ಹಾಕಿ ಪರೀಕ್ಷೆಗೆ ತೆಗೆದುಕೊಂಡು, ಬಾಗಿಲಿಗೆ ಟೇಪು ಸುತ್ತಿ ಹೋದರು. ಕೆಲವು ದಿನದ ಮೇಲೆ ಏನೂ ಇಲ್ಲವೆಂದು ಫಲಿತಾಂಶ ಬಂತು. ಅಷ್ಟರಲ್ಲಿ ಅಮ್ಮ ಮನೆಯಲ್ಲಿ ಖಾರದಪುಡಿ ಮಾಡಲು ಮೆಣಸಿನಕಾಯಿ ಹುರಿಯುತ್ತಾ ಕೆಮ್ಮಿದಳು, ನಾನು ಸೀನಿದೆ, ಮತ್ತು ಸೀನಿದ ಜಾಗದಲ್ಲೇ ಕೂತುಬಿಟ್ಟೆ.

ಗ್ರೂಪಿನಲ್ಲಿ ತಿದ್ದಿ ಬರೆದೆ. ಸಿದ್ದಕ್ಕನವರು ಆರೋಗ್ಯವಾಗಿದ್ದಾರೆ, ಎಲ್ಲರೂ ಅಲ್ಲೇ ಸಾಮಾನು ತೆಗೆದುಕೊಳ್ಳಿ ಎಂದು ಬೇಡಿಕೊಂಡೆ. ಅದನ್ನು ಒಬ್ಬರೂ ಬೇರೆ ಬೀದಿಗೆ ಕಳಿಸಲಿಲ್ಲ. ಒಳ್ಳೆಯ ಸುದ್ದಿಗೆ ಕಾಲಿಲ್ಲ ಅಂತ ಕಾಣುತ್ತದೆ. ಜನ ಆಗಲೇ ಬಸ್‌ಸ್ಟ್ಯಾಂಡಿನ ದೊಡ್ಡ ಅಂಗಡಿಗೆ ರೂಢಿಯಾಗಿದ್ದರು. ಟೇಪು ಬಿಚ್ಚಿದ ಮೇಲೂ ಚೌಕಗಳಲ್ಲಿ ಚಪ್ಪಲಿ ಕಾಣಲಿಲ್ಲ. ಸಿದ್ದಕ್ಕ ಹುಳ ಬಿದ್ದ ತೊಗರಿಬೇಳೆಯನ್ನು ಮಾಳಿಗೆಯ ಮೇಲೆ ಹರವಿ, ಬಿಸಿಲಿನಲ್ಲಿ ಒಬ್ಬಳೇ ಕೈಯಾಡಿಸುತ್ತಾ ಕೂತಿದ್ದನ್ನು ನಮ್ಮ ಮನೆಯ ಕಿಟಕಿಯಿಂದ ನೋಡಿದ್ದೇನೆ. ಕಿಟಕಿ ಮುಚ್ಚಲೂ ಇಲ್ಲ, ಹೋಗಿ ಜೊತೆಗೆ ಕೂರಲೂ ಇಲ್ಲ. ಎರಡನೇ ಅಲೆ ಬರುವ ಮೊದಲೇ ಆಕೆ ತಕ್ಕಡಿ ಮಾರಿ ಷಟರ್ ಎಳೆದಳು. ಈಗ ದಿನಾ ಬೆಳಿಗ್ಗೆ ಗಾರ್ಮೆಂಟ್ಸ್ ಬಸ್ಸು ಹತ್ತಿ ಹೋಗುತ್ತಾಳೆ.

ತಪ್ಪಾಯಿತು ಎಂದು ಹೇಳಲು ಒಂದು ದಿನ ಹೋಗಿದ್ದೆ. ಬೈದರೆ ಬೈಯಲಿ, ಕಸಬರಿಕೆ ತೆಗೆದುಕೊಂಡರೂ ಪರವಾಗಿಲ್ಲ ಎಂದು ಧೈರ್ಯ ಮಾಡಿಕೊಂಡೇ ಹೋಗಿದ್ದೆ. ಆಕೆ ಚಾಪೆ ಹಾಕಿ, "ಬನ್ನಿ, ಕುಂತ್ಕಳಿ" ಎಂದಳು. ಅಮ್ಮಿ ಎಂದು ಕರೆಯುತ್ತಿದ್ದ ಬಾಯಿ! "ನಿಮ್ದೇನೈತೆ ಬುಡಿ ಅದ್ರಲ್ಲಿ. ಕಾಲ ಹಂಗಿತ್ತು. ಕಾಪಿ ಕುಡೀತೀರಾ?" ಎಂದು ಕೇಳಿದಳು. ಆ ಕಾಫಿಯಷ್ಟು ಕಷ್ಟಪಟ್ಟು ನಾನು ಬೇರೆ ಯಾವುದನ್ನೂ ಕುಡಿದಿಲ್ಲ. ಲೋಟವನ್ನೂ ಕೈಗೆ ಕೊಡಲಿಲ್ಲ, ಚಾಪೆಯ ಪಕ್ಕದಲ್ಲಿಟ್ಟಳು.

ಅಂದಿನಿಂದ ಆ ಉಪ್ಪಿನ ಶಾಸ್ತ್ರವನ್ನು ಕುರಿತು ನಾನು ತುಂಬಾ ಯೋಚಿಸಿದ್ದೇನೆ. ನನ್ನನ್ನು ಕೇಳಿದರೆ, ಅದನ್ನು ಮಾಡಿದವರು ದೊಡ್ಡ ಜಾಣರು. ನೆರೆಮನೆಗೆ ಹೋಗಿ ಅತಿ ಹೆಚ್ಚು ಸಲ ಕೇಳುವ ಪದಾರ್ಥವೇ ಉಪ್ಪು. ಕೈಯಿಂದ ಕೈಗೆ ಕೊಟ್ಟರೆ ಕೊಡುವ ಕೈ ಮೇಲಿರುತ್ತದೆ, ಕೇಳುವ ಕೈ ಕೆಳಗಿರುತ್ತದೆ. ನಡುವೆ ಒಂದು ಕಲ್ಲಿನ ಮೇಲೆ ಇಟ್ಟುಬಿಟ್ಟರೆ ಎರಡೂ ಕೈಗಳು ಅಷ್ಟರಮಟ್ಟಿಗೆ ಸಮ. ಇಟ್ಟ ಮೇಲೆ ಎತ್ತಿಕೊಳ್ಳುವವರೆಗಿನ ಆ ಒಂದು ಗಳಿಗೆ ಇದೆಯಲ್ಲ, ಅಲ್ಲಿ ಉಪ್ಪು ಯಾರದೂ ಅಲ್ಲ, ಅದು ಬರೀ ಉಪ್ಪು. ನಾನು ಕಂಡ ಕೆಮ್ಮನ್ನೂ ಹಾಗೆ ಒಂದು ಗಳಿಗೆ ಕೆಳಗಿಟ್ಟು ನೋಡಿದ್ದರೆ ಅದು ಬರೀ ಕೆಮ್ಮಾಗಿ ಕಾಣುತ್ತಿತ್ತು, ಪಕ್ಕದಲ್ಲೇ ಮೆಣಸಿನಕಾಯಿಯ ಮೂಟೆಯೂ ಕಾಣುತ್ತಿತ್ತು. ನಾನು ಬಿಸಿಬಿಸಿಯಾಗಿ ಊರಿನ ಕೈಗೆ ಕೊಟ್ಟುಬಿಟ್ಟೆ. ಕೈಗಿಡಬೇಕಾಗಿದ್ದ ಬೆಲ್ಲವನ್ನು ಬೇಡವೆಂದೆ, ಕೆಳಗಿಡಬೇಕಾಗಿದ್ದ ಮಾತನ್ನು ಹಂಚಿದೆ.

ಮೊನ್ನೆ ಭಾನುವಾರ ನಮ್ಮ ಮನೆಯಲ್ಲಿ ಅವರೆಕಾಯಿ ಸಾರು ಕುದಿಯುತ್ತಿರುವಾಗ ಉಪ್ಪು ಮುಗಿದಿತ್ತು. "ಬಸ್‌ಸ್ಟ್ಯಾಂಡ್‌ಗಂಟ ಹೋಗಿ ಬರೋಷ್ಟ್ರಲ್ಲಿ ಸಾರು ಬತ್ತೋಯ್ತದೆ. ಸಿದ್ದಕ್ಕುನ್ ಹತ್ರ ಒಸಿ ಇಸ್ಕಂಡ್ ಬಾ" ಎಂದು ಅಮ್ಮ ಬಟ್ಟಲು ಕಲ್ಲಿನ ಮೇಲಿಟ್ಟಳು. ನಾನು ಹೊರಟೆ, ಬಟ್ಟಲನ್ನು ಮರೆತು. ಮರೆತೆನೋ, ಬೇಕೆಂದೇ ಬಿಟ್ಟೆನೋ, ನನಗೂ ಗೊತ್ತಿಲ್ಲ.

ಸಿದ್ದಕ್ಕ ಮುಚ್ಚಿದ ಷಟರಿಗೆ ಒರಗಿ, ಮೊರದ ತುಂಬ ಅವರೆಕಾಯಿ ಹಾಕಿಕೊಂಡು ಸುಲಿಯುತ್ತಿದ್ದಳು. ಮುಂದೆ ನನ್ನ ಹಳದಿ ಚೌಕಗಳು ಇನ್ನೂ ಇದ್ದವು, ಮಕ್ಕಳು ಅವುಗಳಲ್ಲಿ ಕುಂಟೆಬಿಲ್ಲೆ ಆಡಿ ಬಿಲ್ಲೆಯನ್ನು ಅಲ್ಲೇ ಬಿಟ್ಟು ಹೋಗಿದ್ದರು. ಒಳ್ಳೆಯ ಪೇಂಟು ಅದು. ನಾನು ಉಪ್ಪು ಕೇಳಿದೆ. ಆಕೆ ಒಳಗೆ ಹೋಗಿ ಒಂದು ಸಣ್ಣ ಡಬ್ಬದಲ್ಲಿ ತಂದು, ಸುರಿಯಲು ನನ್ನ ಬಟ್ಟಲು ಹುಡುಕಿದಳು. ನಾನು ಎರಡೂ ಅಂಗೈ ಜೋಡಿಸಿ ಚಾಚಿದೆ.

"ಕೈಗೇ ಹಾಕು ಸಿದ್ದಕ್ಕ."

"ಉಪ್ಪು ಕೈಗೆ ಕೊಟ್ಟಾರಾ? ಜಗಳ ಆಯ್ತದೆ."

"ಆಗ್ಲಿ ಅಂತ್ಲೇ ಕೇಳ್ತಿರೋದು. ಬೈದ್ಬುಡು ಒಂದ್ಸಲ. ನೀನು ಬನ್ನಿ ಹೋಗಿ ಅಂದ್ರೆ ನನ್ ಕೈಲಿ ಆಗಲ್ಲ."

ಆಕೆ ನನ್ನ ಅಂಗೈಗಳನ್ನು ನೋಡಿದಳು. ಆಮೇಲೆ ಡಬ್ಬದ ಮುಚ್ಚಳ ಹಾಕಿ, ಅದನ್ನು ನಮ್ಮಿಬ್ಬರ ನಡುವೆ ಜಗಲಿ ಕಟ್ಟೆಯ ಮೇಲಿಟ್ಟು, ಮತ್ತೆ ಅವರೆಕಾಯಿಯ ಮುಂದೆ ಕೂತಳು.

"ಜಗಳ ಆಡೋ ಅಂಗಿದ್ರೆ ಅವತ್ತೇ ಆಡ್ತಿದ್ದೆ ಕಣಮ್ಮಿ" ಎಂದಳು, ಕಾಯಿ ಸುಲಿಯುತ್ತಲೇ. "ನೀನೂ ಸೀನಿದ್ದೆ. ಆ ಕಡೀಕೆ ತಿರುಕ್ಕಂಡು ಎಲ್ಡು ಸಲ. ನಾನು ಕಂಡಿದ್ದೆ."

ನಾನು ಚಾಚಿದ್ದ ಕೈಗಳನ್ನು ಕೆಳಗಿಳಿಸಿದೆ.

"ಟೇಪು ಸುತ್ತೋಕೆ ಬಂದೋರು ಕೇಳುದ್ರು, ಇನ್ಯಾರಿಗಾದ್ರೂ ಕೆಮ್ಮು ಸೀನು ಕಂಡ್ರಾ ಅಂತ. ನಿಮ್ಮವ್ವಂಗೆ ಮೊದ್ಲೇ ಎದೆ ಬಡ್ಕತದೆ ಅಂತ ಗೊತ್ತಿತ್ತು. ಇಲ್ಲ ಅಂದ್ಬುಟ್ಟೆ." ಒಂದು ಕಾಳು ಮೊರದಿಂದ ಉರುಳಿತು, ಎತ್ತಿ ಹಾಕಿಕೊಂಡಳು. "ಹೋಗು, ಸಾರು ಬತ್ತೋಯ್ತದೆ. ಡಬ್ಬ ಆಮೇಲೆ ತಂದ್ಕೊಡಿ."

ಕೊನೆಯ ಮಾತಿನಲ್ಲಿ ಮತ್ತೆ 'ಕೊಡಿ' ಬಂದುಬಿಟ್ಟಿತ್ತು. ಬೆಲ್ಲವಂತೂ ಇರಲಿಲ್ಲ. ನಾನು ಡಬ್ಬ ಎತ್ತಿಕೊಂಡು ಹಳದಿ ಚೌಕಗಳನ್ನು ದಾಟಿ ಮನೆಗೆ ಬಂದೆ. ಅಮ್ಮ ಒಲೆಯ ಮುಂದಿನಿಂದಲೇ, "ತಂದ್ಯಾ? ಕೊಡು ಇಲ್ಲಿ" ಎಂದು ಅವಸರದಲ್ಲಿ ಕೈ ಚಾಚಿದಳು, ಅವಳೇ ಶಾಸ್ತ್ರ ಮರೆತಿದ್ದಳು. ನಾನು ಕೊಡಲಿಲ್ಲ. ಡಬ್ಬವನ್ನು ಕಲ್ಲಿನ ಮೇಲಿಟ್ಟು, ಕೈ ಹಿಂದಕ್ಕೆ ತೆಗೆದುಕೊಂಡು ನಿಂತೆ.