ಶಶಿಪ್ರಭಾ ಸಾಕಿದ ಗುಲಗಂಜಿ ಹುಳಗಳು

ಲಾಯಿಲದ ಶಶಿಪ್ರಭಾ ಶೆಟ್ಟಿಯವರ ಅಲಸಂಡೆಗೆ ಬೆಳ್ತಂಗಡಿ ಪೇಟೆಯಲ್ಲಿ ಒಳ್ಳೆಯ ಹೆಸರಿತ್ತು. ಮನೆಯ ಹಿಂದಿನ ಹತ್ತು ಸೆಂಟ್ಸ್ ಜಾಗದಲ್ಲಿ ಬೆಳೆದದ್ದನ್ನು ಬೆಳಗ್ಗೆ ಅಂಗಡಿಗೆ ಕೊಟ್ಟು ಬಂದರೆ ಹತ್ತು ಗಂಟೆಯೊಳಗೆ ಖಾಲಿ. ಗಂಡ ಭೋಜ ಶೆಟ್ಟರು ಬಂಟ್ವಾಳದ ಹೋಟೆಲೊಂದರಲ್ಲಿ ಅಡುಗೆಯವರು, ವಾರಕ್ಕೊಮ್ಮೆ ಮನೆಗೆ ಬರುವವರು. ಹಾಗಾಗಿ ಬಿತ್ತುವುದರಿಂದ ಹಿಡಿದು ಮದ್ದು ಬಿಡುವವರೆಗೆ ಎಲ್ಲ ಕೆಲಸವೂ ಶಶಿಪ್ರಭಾರದೇ. ಗಿಡಕ್ಕೆ ಹೊಡೆಯುವ ವಿಷವನ್ನು ಊರವರಂತೆ ಅವರೂ ಮದ್ದು ಎಂದೇ ಕರೆಯುತ್ತಿದ್ದರು.

ನಾಲ್ಕು ವರ್ಷಗಳ ಹಿಂದಿನ ನವೆಂಬರಿನಲ್ಲಿ ಅಲಸಂಡೆಯ ಕುಡಿಗಳಿಗೆಲ್ಲ ರಸ ಹೀರುವ ಕಪ್ಪು ಹೇನು ಮುತ್ತಿತು. ಶಶಿಪ್ರಭಾ ಒಂದು ಸಂಜೆ ಮದ್ದು ಬಿಟ್ಟರು. ಮರುದಿನ ಅವರು ಪೇಟೆಗೆ ಹೋಗಿದ್ದಾಗ ಪಕ್ಕದ ಮನೆಯ ಮೈಮೂನಮ್ಮನ ಸೊಸೆ ಸಜ್ನಾ ಬೇಲಿಯಾಚೆಯಿಂದ ಕೈಚಾಚಿ ನಾಲ್ಕು ಎಳೆಯ ಕೋಡು ಕಿತ್ತು ಹಸಿಯಾಗಿಯೇ ತಿಂದಳು. ಆರು ತಿಂಗಳ ಬಸುರಿ. ಬೇಕಾದಾಗ ಕೊಯ್ದುಕೋ ಎಂದು ಹೇಳಿದ್ದವರು ಶಶಿಪ್ರಭಾರೇ. ಮದ್ದು ಬಿಟ್ಟದ್ದನ್ನು ಹೇಳಲು ಮಾತ್ರ ಮರೆತಿದ್ದರು.

ಮಧ್ಯಾಹ್ನದ ಹೊತ್ತಿಗೆ ಸಜ್ನಾಳಿಗೆ ವಾಂತಿ, ಬೆವರು, ಕಣ್ಣು ಮಂಜು. ರಿಕ್ಷಾದಲ್ಲಿ ಆಸ್ಪತ್ರೆಗೆ ಒಯ್ದರು. ಎರಡು ದಿನ ಶಶಿಪ್ರಭಾ ಅಲ್ಲಿಯ ಬೆಂಚಿನಲ್ಲಿ ಕುಳಿತಿದ್ದರು. ಮೂರನೆಯ ದಿನ ಡಾಕ್ಟರು ಹೊಟ್ಟೆಯಲ್ಲಿರುವ ಮಗುವಿಗೂ ಏನೂ ಆಗಿಲ್ಲ ಎಂದಾಗ ಅವರು ಮೈಮೂನಮ್ಮನ ಎದುರು ನಿಂತು ಅಳತೊಡಗಿದರು.

"ಗೊತ್ತಿದ್ದು ಮಾಡಿದ್ದಾ ನೀನು?" ಎಂದರು ಮೈಮೂನಮ್ಮ. "ತಾಯಿ ಉಳಿದಳು, ಮಗುವೂ ಉಳಿಯಿತು. ಇನ್ನು ನೆರೆಯವಳನ್ನು ಕಳೆದುಕೊಳ್ಳಲಿಕ್ಕೆ ನನಗೆ ಮನಸ್ಸಿಲ್ಲ. ಮುಖ ತೊಳೆದು ಬಾ."

ಬೈದಿದ್ದರೆ ಸಹಿಸಬಹುದಿತ್ತೇನೋ. ಮನೆಗೆ ಬಂದ ಶಶಿಪ್ರಭಾ ಉಳಿದ ಅಲಸಂಡೆಯನ್ನೆಲ್ಲ ಕಿತ್ತು ಹೊಂಡದಲ್ಲಿ ಹೂತರು. ಇನ್ನು ಮದ್ದಿನ ಡಬ್ಬಿ ಮುಟ್ಟುವುದಿಲ್ಲ ಎಂದುಕೊಂಡರು. ಹೊಸದಾಗಿ ಬಿತ್ತಿದ ಗಿಡಕ್ಕೂ ಹೇನು ಬಂತು. ಬೇವಿನೆಣ್ಣೆ, ಸಾಬೂನು ನೀರು ಎಂದು ಏನೇನೋ ಮಾಡಿದರು. ಕೊನೆಗೆ ದಿನವೂ ಕುಳಿತು ಕೈಯಿಂದಲೇ ಹಿಸುಕತೊಡಗಿದರು.

ಫೆಬ್ರವರಿಯಲ್ಲಿ ಸಜ್ನಾಳಿಗೆ ಹೆಣ್ಣುಮಗುವಾಯಿತು. ಮೂಡುಬಿದಿರೆಯ ಕಾಲೇಜಿನಲ್ಲಿ ಅವಳಿಗೆ ಪ್ರಾಣಿಶಾಸ್ತ್ರ ಕಲಿಸಿದ್ದ ವಸುಧಾ ಟೀಚರ್ ಮಗುವನ್ನು ನೋಡಲು ಬಂದವರು ಬೇಲಿಯ ಹತ್ತಿರ ಬಂದು ನಿಂತರು. ಶಶಿಪ್ರಭಾ ಆಗ ಎಲೆಯ ಮೇಲಿನ ಒಂದು ವಿಕಾರವಾದ ಹುಳವನ್ನು ಕಡ್ಡಿಯಿಂದ ಒತ್ತಲು ಹೊರಟಿದ್ದರು. ಕಪ್ಪು ಮೈ, ಕಿತ್ತಳೆ ಚುಕ್ಕೆ, ಪುಟ್ಟ ಮೊಸಳೆಯಂಥದ್ದು.

"ಅದನ್ನು ಕೊಲ್ಲಬೇಡಿ, ಅಕ್ಕ. ಅದು ಗುಲಗಂಜಿ ಹುಳದ ಮರಿ. ನಿಮ್ಮ ಕೆಲಸವನ್ನೇ ಮಾಡ್ತಾ ಉಂಟು" ಎಂದರು ಟೀಚರ್.

ಕೆಂಪು ಬೆನ್ನಿನ ಮೇಲೆ ಕಪ್ಪು ಚುಕ್ಕೆಯ ಆ ಚೆಂದದ ಹುಳಕ್ಕೂ ಇದಕ್ಕೂ ಎತ್ತಣ ಸಂಬಂಧ ಎಂದು ಶಶಿಪ್ರಭಾ ನಂಬಲಿಲ್ಲ. ಟೀಚರ್ ಮರಿಯನ್ನು ಹೇನಿದ್ದ ಎಲೆಯೊಂದಿಗೆ ಬಾಟಲಿಗೆ ಹಾಕಿ, ಬಾಯಿಗೆ ತೆಳು ಬಟ್ಟೆ ಕಟ್ಟಿ, ನೀವೇ ನೋಡಿ ಎಂದು ಕೊಟ್ಟುಹೋದರು. ಅದು ದಿನವಿಡೀ ಹೇನು ತಿಂದಿತು. ವಾರ ಕಳೆದ ಮೇಲೆ ಎಲೆಗೆ ಅಂಟಿ ಮುದುಡಿ ಕುಳಿತಿತು. ಐದನೆಯ ದಿನ ಬೆಳಗ್ಗೆ ನೋಡಿದರೆ ಬಾಟಲಿಯಲ್ಲಿ ಗುಲಗಂಜಿ ಹುಳ. ಈವರೆಗೆ ಇಂಥವೆಷ್ಟನ್ನು ಕೊಂದೆನೋ ಎಂದು ಅವರಿಗೆ ಸಂಕಟವಾಯಿತು.

ಆಮೇಲೆ ಮನೆಯ ಚಾವಡಿಯ ತುಂಬ ಮರಿ ಸಾಕುವ, ಬಟ್ಟೆ ಕಟ್ಟಿದ ಡಬ್ಬಿಗಳಾದವು. ಊರವರು ಕೋಳಿ ಸಾಕಿದರೆ ನೀನು ಹುಳ ಸಾಕ್ತೀಯಲ್ಲ ಮಾರಾಯ್ತಿ ಎಂದು ಭೋಜ ಶೆಟ್ಟರು ನಕ್ಕರು. ಆದರೆ ಹೋಟೆಲಿನಿಂದ ಖಾಲಿ ಡಬ್ಬಿ ತಂದುಕೊಟ್ಟವರೂ ಅವರೇ. ಮೊದಲ ಸಲ ನಡುಮಧ್ಯಾಹ್ನ ತೋಟದಲ್ಲಿ ಬಿಟ್ಟ ನಲವತ್ತು ಹುಳಗಳಲ್ಲಿ ಒಂದೂ ನಿಲ್ಲಲಿಲ್ಲ, ಎಲ್ಲವೂ ಹಾರಿಹೋದವು. ಫೋನಿನಲ್ಲಿ ವಿಷಯ ಕೇಳಿದ ಟೀಚರ್, ರೆಕ್ಕೆ ಬಾರದ ಮರಿಗಳನ್ನೇ ಬಿಡಿ, ಸಂಜೆ ಗಿಡಕ್ಕೆ ನೀರು ಚಿಮುಕಿಸಿ ಬಿಡಿ ಎಂದರು. ಹೇನು ಒಸರಿಸುವ ಸಿಹಿ ನೀರಿಗಾಗಿ ಇರುವೆಗಳು ಅವುಗಳಿಗೆ ಕಾವಲಿದ್ದು ಮರಿಗಳನ್ನು ಓಡಿಸುವುದನ್ನು ಮಾತ್ರ ಶಶಿಪ್ರಭಾ ತಾವೇ ಕಂಡುಕೊಂಡು, ಬುಡಕ್ಕೆ ಬೂದಿ ಹಾಕಿದರು. ಹೂವಿನ ಪರಾಗವನ್ನೂ ತಿನ್ನುವ ದೊಡ್ಡ ಹುಳಗಳಿಗೆಂದು ಬದಿಯಲ್ಲಿ ಕೊತ್ತಂಬರಿಯನ್ನು ಹೂಬಿಡಲು ಬಿಟ್ಟರು. ಹುಳಕ್ಕೆ ಊಟ ಬೇಕಲ್ಲ ಎಂದು ಒಂದು ಸಾಲು ಅಲಸಂಡೆಯನ್ನು ಹೇನಿಗೇ ಬಿಟ್ಟುಕೊಟ್ಟರು. ಮರುವರ್ಷ ಉಳಿದ ಸಾಲುಗಳಲ್ಲಿ ಕುಡಿ ಹಸಿರಾಗಿ ನಿಂತಿತು. ಸ್ವಲ್ಪ ಹೇನು ಈಗಲೂ ಉಂಟು, ಬೆಳೆ ಹಾಳಾಗುವಷ್ಟಿಲ್ಲ.

ಕಳೆದ ಜನವರಿಯಲ್ಲಿ ವಸುಧಾ ಟೀಚರ್ ತಮ್ಮ ವಿದ್ಯಾರ್ಥಿನಿಯರಿಗೆ ಹುಳ ತೋರಿಸಲು ಶಶಿಪ್ರಭಾರನ್ನು ಕಾಲೇಜಿಗೆ ಕರೆಸಿದರು. ಶಶಿಪ್ರಭಾ ಡಬ್ಬಿಗಳ ಚೀಲ ಹಿಡಿದು ಮೂಡುಬಿದಿರೆಯ ಬಸ್ಸು ಹತ್ತಿದರು. ಹುಡುಗಿಯರು ಭೂತಗನ್ನಡಿಯಲ್ಲಿ ಮರಿಗಳನ್ನು ನೋಡಿದರು. ಒಬ್ಬಳು, ನಿಮಗೆ ಇದು ಶುರುವಾದದ್ದು ಹೇಗೆ ಎಂದು ಕೇಳಿದಳು. ಟೀಚರಿಂದ ಕಲಿತೆ ಎಂದಷ್ಟೇ ಹೇಳಿ ಮುಗಿಸಬಹುದಿತ್ತು. ಆದರೆ ಶಶಿಪ್ರಭಾ ಮದ್ದಿನ ಸಂಜೆಯಿಂದ ಆಸ್ಪತ್ರೆಯ ಬೆಂಚಿನವರೆಗೆ ಎಲ್ಲವನ್ನೂ ಹೇಳಿದರು. ಹೊರಗಿನವರ ಮುಂದೆ ಅದನ್ನು ಹೇಳಿದ್ದು ಅದೇ ಮೊದಲು.

ಸಂಜೆ ಲಾಯಿಲದಲ್ಲಿ ಬಸ್ಸಿಳಿದವರು ಮನೆಗೆ ಹೋಗದೆ ನೇರ ಮೈಮೂನಮ್ಮನ ಅಂಗಳಕ್ಕೆ ಹೋದರು.

"ಆವತ್ತು ನೀವು ಬೈದಿದ್ದರೆ ನಾನು ತೋಟವನ್ನೇ ಬಿಡ್ತಿದ್ದೆ, ಮೈಮೂನಮ್ಮ. ಇಷ್ಟು ವರ್ಷ ನಿಮಗೆ ಇದನ್ನು ಹೇಳಲಿಕ್ಕೇ ಆಗಲಿಲ್ಲ. ನಿಮ್ಮ ಉಪಕಾರ ದೊಡ್ಡದು."

ಮೈಮೂನಮ್ಮ ಅವರ ಕೈಯಿಂದ ಚೀಲ ತೆಗೆದು ಜಗಲಿಯ ಮೇಲಿಟ್ಟರು. "ನೀನು ಹೇಳದಿದ್ದರೂ ನನಗೆ ಗೊತ್ತಿತ್ತು" ಎಂದು ಹತ್ತಿರ ಕೂರಿಸಿಕೊಂಡು, ಸಜ್ನಾಳಿಗೆ ಚಾ ಇಡಲು ಹೇಳಿದರು.