ತುಳಸಮ್ಮನ ಅಂಜೂರದ ಕಡ್ಡಿಗಳು

ಲೋಹಿತನ ತಿಥಿ ಮುಗಿದು ನೆಂಟರೆಲ್ಲ ಹೊರಟುಹೋದ ಮೇಲೆ, ಒಂದು ಬೆಳಿಗ್ಗೆ ಅವನ ಹೆಂಡತಿ ಬಿಂದು ಬಟ್ಟೆ ಒಗೆಯಲು ಹಿತ್ತಲಿಗೆ ಬಂದಳು. ಒಗೆಯುವ ಕಲ್ಲಿನ ಪಕ್ಕ, ಗೋಡೆಯ ನೆರಳಿನಲ್ಲಿ, ಮರಳು ತುಂಬಿದ ಎಣ್ಣೆ ಡಬ್ಬ ಇಟ್ಟ ಜಾಗದಲ್ಲೇ ಇತ್ತು. ಸಂಕ್ರಾಂತಿ ಕಳೆದ ವಾರ ಲೋಹಿತ್ ಅಂಜೂರದ ಮರ ಸವರಿ, ಬೆರಳು ದಪ್ಪದ ಕಡ್ಡಿಗಳನ್ನು ಆರಿಸಿ ಅದರಲ್ಲಿ ಊರಿದ್ದ. ಆಮೇಲೆ ಜ್ವರ ಅಂದ. ಕಣ್ಣು ಹಳದಿಯಾಯಿತು. ಕಾಮಾಲೆ ಎಂದು ಆಸ್ಪತ್ರೆಗೆ ಸೇರಿದವನು ಮನೆಗೆ ಬರಲಿಲ್ಲ. ೧೯೯೭ರ ಫೆಬ್ರವರಿ ಅದು. ಮದುವೆಯಾಗಿ ಎರಡು ವರ್ಷವೂ ತುಂಬಿರಲಿಲ್ಲ.

ಆ ಗಲಾಟೆಯಲ್ಲಿ ಡಬ್ಬದ ಕಡೆ ಯಾರೂ ತಿರುಗಿಯೂ ನೋಡಿಲ್ಲ ಎಂದುಕೊಂಡಿದ್ದಳು ಬಿಂದು. ಆದರೆ ಮರಳು ಒದ್ದೆಯಾಗಿತ್ತು. ಕಡ್ಡಿಗಳ ತುದಿಯಲ್ಲಿ ಇಲಿಕಿವಿಯಷ್ಟು ಎಲೆ ಒಡೆದಿತ್ತು. ಅವಳು ಬಟ್ಟೆ ಅಲ್ಲೇ ಬಿಟ್ಟು, ಮೂಲೆಯಲ್ಲಿದ್ದ ದೊಡ್ಡ ಕುಂಡವನ್ನು ಎಳೆದುಕೊಂಡು ಬಂದು ಒಂದು ಕಡ್ಡಿಗೆ ಕೈ ಹಾಕಿದಳು.

"ಬ್ಯಾಡ ಕಣವ್ವ, ಮುಟ್ಬೇಡ."

ಅತ್ತೆ ತುಳಸಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು.

"ಎಲೆ ಬಂದಿದೆ ಅತ್ತೆ. ಕುಂಡಕ್ಕೆ ಹಾಕ್ಬಿಡೋಣ. ಒಣಗೋದ್ರೆ?"

"ಎಲೆ ಬಂದ್ರೆ ಬೇರು ಬಂದಂಗಲ್ಲ. ಕಡ್ಡಿ ಒಳಗೆ ಒಂದಿಷ್ಟು ಜೀವ ಇರ್ತದೆ, ಅದ್ರಲ್ಲೇ ಚಿಗುರ್ತದೆ. ಈಗ ಕಿತ್ರೆ ಅದೂ ಹೋಯ್ತು. ಇರ್ಲಿ ಬಿಡು."

ತುಳಸಮ್ಮನ ತೌರು ಶ್ರೀರಂಗಪಟ್ಟಣದ ಹತ್ತಿರದ ಗಂಜಾಂ. ಅಲ್ಲಿನ ಅಂಜೂರಕ್ಕೆ ಹೆಸರು. ಬೆಂಗಳೂರಿನ ತರಗುಪೇಟೆಯಲ್ಲಿ ಕಾಳಿನ ಅಂಗಡಿಯಿದ್ದ ರಾಮಾಂಜಿನಪ್ಪನವರನ್ನು ಮದುವೆಯಾಗಿ ಚಾಮರಾಜಪೇಟೆಯ ಈ ಮನೆಗೆ ಬಂದಾಗ, ಒದ್ದೆ ಗೋಣಿಯಲ್ಲಿ ಸುತ್ತಿದ ಒಂದು ಕಡ್ಡಿಯೂ ಜೊತೆಗೆ ಬಂದಿತ್ತು. ಹಿತ್ತಲಿನ ಮರ ಅದೇ. ಗಂಡ ತೀರಿಕೊಂಡಾಗ ಲೋಹಿತ್ ಇನ್ನೂ ಪ್ರೈಮರಿ ಸ್ಕೂಲು. ಅಂಗಡಿ ಬಾವಂದಿರ ಪಾಲಾಯಿತು. ತುಳಸಮ್ಮ ಸಾರಿನ ಪುಡಿ, ಹುರಿಹಿಟ್ಟು ಮಾಡಿ ಸುತ್ತಲ ಮನೆಗಳಿಗೆ ಕೊಟ್ಟು ಮಗನನ್ನು ಓದಿಸಿದರು. ಅವರು ಜೋರಾಗಿ ಅತ್ತದ್ದನ್ನು ಆ ಬೀದಿಯಲ್ಲಿ ಯಾರೂ ಕೇಳಿರಲಿಲ್ಲ. ಮಗ ಹೋದಾಗಲೂ ಬಾಯಿಗೆ ಸೆರಗು ತುರುಕಿಕೊಂಡೇ ಕೂತಿದ್ದರು.

ಬಿಂದುವಿಗೂ ಅಳು ಬಂದಿರಲಿಲ್ಲ. ಶೇಷಾದ್ರಿಪುರದ ಕಾಲೇಜೊಂದರ ಆಫೀಸಿನಲ್ಲಿ ಅವಳು ಟೈಪಿಸ್ಟ್. ರಜೆ ಮುಗಿಸಿ ಕೆಲಸಕ್ಕೆ ಹೋದಳು. ಜೊತೆಯವರು ಏನೋ ತಮಾಷೆ ಮಾಡಿದಾಗ ನಕ್ಕಳು ಕೂಡ. "ಪರವಾಗಿಲ್ಲ, ಸುಧಾರಿಸ್ಕೊಂಡಿದಾಳೆ" ಎಂದು ಅವರು ಮಾತಾಡಿಕೊಂಡದ್ದು ಕಿವಿಗೆ ಬಿತ್ತು. ಮನೆಗೆ ಬಂದವಳು ದಿನವೂ ಡಬ್ಬದ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಿದ್ದಳು. ಲೋಹಿತನ ಕೈ ಕೊನೆಗೆ ನೆಟ್ಟದ್ದು ಅವು. ಬದುಕುತ್ತವೋ ಇಲ್ಲವೋ ಎಂದು ತಿಳಿಯದೆ ಅವಳಿಗೆ ನಿದ್ದೆ ಹತ್ತುತ್ತಿರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಅತ್ತೆ ಮಲಗಿದ್ದಾಗ ತಡೆಯಲಾರದೆ ಒಂದು ಕಡ್ಡಿಯನ್ನು ಹಿಡಿದು ಎಳೆದೇಬಿಟ್ಟಳು. ಬೇರು ಬಂದಿತ್ತು. ನೆನೆಸಿದ ಶಾವಿಗೆಯ ಹಾಗೆ ಬೆಳ್ಳಗೆ, ಮೃದುವಾಗಿ. ಕಡ್ಡಿ ಮೇಲೆ ಬಂತು, ಬೇರು ಮುರಿದು ಮರಳಿನಲ್ಲೇ ಉಳಿಯಿತು. ಬರಿಯ ಕಡ್ಡಿ ಹಿಡಿದುಕೊಂಡು ಬಿಂದು ಅಲ್ಲೇ ಕುಸಿದು ಅಳತೊಡಗಿದಳು. ಆಸ್ಪತ್ರೆಯಲ್ಲಿ, ಮಸಣದಿಂದ ಗಂಡಸರು ವಾಪಸಾದಾಗ, ತಾಳಿ ತೆಗೆದಾಗ ಬಾರದ ಅಳುವೆಲ್ಲ ಒಟ್ಟಿಗೆ ಬಂತು. ತುಳಸಮ್ಮ ಎದ್ದು ಬಂದರು. ಬಯ್ಯಲಿಲ್ಲ. ಪಕ್ಕದಲ್ಲಿ ಕೂತು, ಸೊಸೆಯ ತಲೆಯನ್ನು ಮಡಿಲಿಗೆ ಎಳೆದುಕೊಂಡರು.

"ಅಳು ಮಗ. ಅತ್ಕೊಂಡ್ಬಿಡು."

ಆ ಕಡ್ಡಿಯನ್ನು ಮತ್ತೆ ಊರಿದರು, ಉಳಿಯಲಿಲ್ಲ. ಮಿಕ್ಕವು ನಿಂತವು. ಯುಗಾದಿ ಕಳೆದ ಮೇಲೆ ತುಳಸಮ್ಮನೇ ಒಂದು ಸಂಜೆ ಸೊಸೆಯನ್ನು ಕರೆದರು. ಡಬ್ಬದ ತಳದ ತೂತಿನಿಂದ ಬೇರಿನ ತುದಿ ಇಣುಕಿತ್ತು.

"ನೋಡು, ಬಿಳೀದು ಕಂದು ತಿರುಗ್ತಾ ಅದೆ. ಕವಲೂ ಒಡೆದಿದೆ. ಮೇಲೆ ಹೊಸ ಎಲೆ ಅಗಲಕ್ಕೆ ಬತ್ತಾ ಅದೆ. ಈಗ ಅದರ ಅನ್ನ ಅದು ದುಡ್ಕೊತದೆ. ಈಗ ಎತ್ತಬೇಕು."

ಬಿಂದು ದೊಡ್ಡ ಕುಂಡ ತರಹೋದಳು. ತುಳಸಮ್ಮ ಬೇಡವೆಂದರು. ದೊಡ್ಡದರಲ್ಲಿ ಮಣ್ಣಿನ ನೀರು ಆರುವುದಿಲ್ಲ, ಎಳೇ ಬೇರು ಕೊಳೆಯುತ್ತದೆ. ಮೊದಲು ಚಿಕ್ಕದು, ಅದು ತುಂಬಿದ ಮೇಲೆ ದೊಡ್ಡದು. ಕೆಮ್ಮಣ್ಣು, ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು ಹಿಡಿ ಬೆರೆಸಿದರು. ಡಬ್ಬವನ್ನು ನೀರಿನ ಬಕೆಟ್ಟಿನಲ್ಲಿ ಇಳಿಸಿ, ಮರಳು ತಾನಾಗಿ ಸಡಿಲವಾಗುವವರೆಗೆ ಕಾದರು. ಹೆಣೆದುಕೊಂಡ ಬೇರುಗಳನ್ನು ಮಗುವಿನ ಸಿಕ್ಕುಗೂದಲು ಬಿಡಿಸುವಂತೆ ನೀರೊಳಗೇ ಬಿಡಿಸಿದರು. ಬಿಂದು ಕುಂಡದಲ್ಲಿ ಕಡ್ಡಿಯನ್ನು ಹಿಡಿದುಕೊಂಡಳು, ಅತ್ತೆ ಸುತ್ತ ಮಣ್ಣು ಸುರಿದರು.

"ಅದುಮಬೇಡ. ಕುಂಡ ತಟ್ಟು, ಮಣ್ಣು ತಾನೇ ಕೂತ್ಕೊತದೆ. ಇನ್ನ ನೆರಳಲ್ಲಿರಲಿ. ನಾಳೆ ಎಲೆ ಜೋತು ಬೀಳ್ತವೆ. ಹೆದರಿ ನೀರು ಸುರೀಬೇಡ. ಜಾಗ ಬದಲಾದ್ರೆ ಹಂಗೇ. ಮೇಲಿನ ಮಣ್ಣು ಒಣಗಿದ ಮೇಲೆ ಹಾಕಿದ್ರೆ ಸಾಕು."

ಎಲೆ ಜೋತು ಬಿದ್ದವು. ಒಂದೆರಡು ಹಳದಿಯಾಗಿ ಉದುರಿಯೂ ಹೋದವು. ಮುಂಗಾರಿನ ಹೊತ್ತಿಗೆ ಗಿಡಗಳು ಮೊಣಕಾಲೆತ್ತರ ಬೆಳೆದಿದ್ದವು.

ಮರುವರ್ಷ ಬಿಂದುವಿನ ಅಣ್ಣ ಒಂದು ಸಂಬಂಧದ ಸುದ್ದಿ ತಂದ. ಚನ್ನಕೇಶವ ಎಂದು, ತುಮಕೂರಿನಲ್ಲಿ ಹೈಸ್ಕೂಲು ಮೇಷ್ಟರು. ಹೆಂಡತಿ ಬಾಣಂತನದಲ್ಲಿ ತೀರಿಕೊಂಡಿದ್ದಳು, ಮಗುವೂ ಉಳಿದಿರಲಿಲ್ಲ. ಬಿಂದು ಒಲ್ಲೆ ಎಂದಳು. ಅವಳಿಗೆ ನೋವಾದದ್ದು ಅಣ್ಣನ ಮಾತಿಗಲ್ಲ, ಅತ್ತೆ ಅದಕ್ಕೆ ಹೂಂಗುಟ್ಟಿದ್ದಕ್ಕೆ.

"ನನ್ನ ಓಡಿಸ್ತಿದೀರಾ ಅತ್ತೆ?"

ತುಳಸಮ್ಮ ಹುರಿಯುತ್ತಿದ್ದ ಮೆಣಸಿನಕಾಯಿಯ ಬಾಣಲೆ ಇಳಿಸಿದರು. "ಅವರು ಹೋದಾಗ ನಂಗೂ ನಿನ್ನಷ್ಟೇ ವಯಸ್ಸು. ನಮ್ಮಣ್ಣ ಹಿಂಗೇ ಒಂದು ಮಾತು ಕೇಳೋಕೆ ಅಂತ ಊರಿಂದ ಹೊರಟಿದ್ನಂತೆ. ಹಿರೀಕರು ತಡೆದ್ರು. ಕೇಳಿದ್ರೆ ನಾನು ಏನಂತಿದ್ನೋ, ನಂಗೇ ಗೊತ್ತಿಲ್ಲ. ಕೇಳಲೇ ಇಲ್ವಲ್ಲ ಯಾರೂ. ಅದಕ್ಕೇ ನಿನ್ನ ಕೇಳ್ತಿದೀನಿ. ನಿಧಾನವಾಗಿ ಹೇಳು."

ಬಿಂದು ನಿಧಾನವಾಗಿಯೇ ಹೇಳಿದಳು. ಒಂದು ವರ್ಷ ಹಿಡಿಯಿತು. ಅವಳು ಹೂಂ ಅಂದ ಸುದ್ದಿ ತಿಳಿದು ತುಳಸಮ್ಮನ ನಾದಿನಿ ತಿಮ್ಮಕ್ಕ ಬಂದು ಜಗಲಿಯಲ್ಲಿ ನಿಂತೇ ಕೂಗಾಡಿದರು. "ಮಗನ ಬೂದಿ ಆರಿಲ್ಲ, ಸೊಸೆಗೆ ಮದುವೆ ಮಾಡ್ತೀಯಾ?"

"ಅವನ ಬೂದಿ ಕಾಯೋಕೆ ನಾನಿದೀನಿ ತಿಮ್ಮಕ್ಕ. ಅವಳನ್ನ ಯಾಕೆ ಕೂರಿಸ್ಲಿ?" ಎಂದರು ತುಳಸಮ್ಮ.

ಮದುವೆ ದೇವಸ್ಥಾನದಲ್ಲಿ ಸರಳವಾಗಿ ನಡೆಯಿತು. ಧಾರೆಯ ಹೊತ್ತಿಗೆ ಬಿಂದು ಕಣ್ಣಲ್ಲೇ ಹುಡುಕಿದಳು, ತುಳಸಮ್ಮ ಕಾಣಲಿಲ್ಲ. ಆಮೇಲೆ ನೋಡಿದರೆ ಅವರು ಹಿಂದುಗಡೆ ಅಡುಗೆಯವರ ಜೊತೆ ಕೂತು ಊಟದ ಎಲೆ ಒರೆಸುತ್ತಿದ್ದರು. ಹೊರಡುವಾಗ ಒಂದು ಅಂಜೂರದ ಕುಂಡವನ್ನು ಚನ್ನಕೇಶವನ ಕೈಗೆ ಕೊಟ್ಟು, "ಬಿಸಿಲು ಬೀಳೋ ಕಡೆ ನೆಡಿ ಮೇಷ್ಟ್ರೇ" ಎಂದರು.

ಚನ್ನಕೇಶವ ಒಳ್ಳೆಯವನು. ತಿಂಗಳಿಗೊಮ್ಮೆ ಹೆಂಡತಿ ತುಳಸಮ್ಮನನ್ನು ನೋಡಲು ಬೆಂಗಳೂರಿಗೆ ಹೊರಟರೆ ಬಸ್‌ಸ್ಟ್ಯಾಂಡಿನವರೆಗೂ ಬರುತ್ತಿದ್ದ. ಮಗಳು ಹುಟ್ಟಿದ ಮೇಲೆ ಬಿಂದು ಮಗುವನ್ನೂ ಎತ್ತಿಕೊಂಡು ಹೋಗುತ್ತಿದ್ದಳು. ಹೀಗೆ ಮೂರ್ನಾಲ್ಕು ವರ್ಷ ನಡೆಯಿತು. ಒಂದು ಸಲ ಊಟ ಬಡಿಸುತ್ತಿದ್ದ ತುಳಸಮ್ಮ ಕೈ ನಿಲ್ಲಿಸಿದರು.

"ಬಿಂದು, ಇನ್ಮೇಲೆ ಇಷ್ಟು ಬರಬೇಡ ಮಗ."

"ಯಾಕತ್ತೆ? ಏನ್ ತಪ್ಪಾಯ್ತು?"

"ತಪ್ಪೇನಿಲ್ಲ. ನೀನು ಬಂದಾಗೆಲ್ಲ, ನಿನ್ನ ಹಿಂದೆ ಅವನೂ ಚಪ್ಪಲಿ ಬಿಡ್ತಾ ಇದಾನೇನೋ ಅಂತ ಬಾಗ್ಲು ನೋಡ್ತೀನಿ. ನೀನು ಹೋದ್ಮೇಲೆ ಎರಡು ದಿನ ಕೈಲಿ ಕೆಲಸ ಓಡಲ್ಲ." ಸೌಟನ್ನು ಮತ್ತೆ ಕೈಗೆತ್ತಿಕೊಂಡು ಅಂದರು, "ಗೌರಿ ಹಬ್ಬಕ್ಕೆ ಬಾ. ಹೆಣ್ಮಕ್ಕಳು ತೌರಿಗೆ ಬರೋದು ಅವತ್ತು ತಾನೇ."

ಬಿಂದು ತಟ್ಟೆಯ ಮೇಲೆ ಬಗ್ಗಿ ಊಟ ಮುಗಿಸಿದಳು. ಅಂದಿನಿಂದ ಗೌರಿ ಹಬ್ಬಕ್ಕೆ ಮಾತ್ರ ಬಂದಳು. ಬಾಗಿನದ ಮೊರವನ್ನು ತುಳಸಮ್ಮನೇ ತುಂಬುತ್ತಿದ್ದರು. ಮುತ್ತೈದೆ ಕೊಡಬೇಕಾದದ್ದು ಎಂದು ಪಕ್ಕದ ಮನೆಯ ಗಿರಿಜಾಂಬಾ ಕೈಯಲ್ಲಿ ಕೊಡಿಸಿ, ತಾವು ನಡುಮನೆಯ ಬಾಗಿಲಿಗೆ ಒರಗಿ ನೋಡುತ್ತಿದ್ದರು.

೨೦೦೬ರ ಆಷಾಢದಲ್ಲಿ ತುಳಸಮ್ಮ ಬೆಳಿಗ್ಗೆ ಹಾಸಿಗೆಯಿಂದ ಏಳಲಿಲ್ಲ. ಗಿರಿಜಾಂಬಾ ಫೋನ್ ಮಾಡಿದರು. ಬಿಂದು, ಚನ್ನಕೇಶವ ಇಬ್ಬರೂ ಹೋಗಿ ತಿಥಿ ಮುಗಿಯುವವರೆಗೂ ಇದ್ದು ಬಂದರು.

ಆ ಭಾದ್ರಪದದಲ್ಲಿ ಅಣ್ಣ ಗೌರಿ ಹಬ್ಬಕ್ಕೆ ತನ್ನ ಮನೆಗೆ ಕರೆಯಲು ಬಂದ. ಬಿಂದು ಅವನಿಗೆ ಕಾಫಿ ಕೊಟ್ಟು, ಈ ಸಲ ಮೈ ಸರಿಯಿಲ್ಲ ಕಣೋ ಎಂದು ನೆಪ ಹೇಳಿದಳು. ಅವನು ಬಲವಂತ ಮಾಡಲಿಲ್ಲ.